ಎಮರ್ಜೆನ್ಸಿ, ಐಸಿಯು ಕಲಿಕೆ: ಆನ್‌ಲೈನ್‌ನಲ್ಲಿ ಯಾವುದನ್ನು ಓದೋದು, ಯಾವುದನ್ನು ಬಿಡೋದು?

ರಾತ್ರಿಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರ್ ಆಗಿದ್ದೇನೆ. ಸದ್ಯದಲ್ಲೇ ಐಸಿಯು ಪೋಸ್ಟಿಂಗ್ ಶುರುವಾಗುತ್ತದೆ. ಓದೋಕೆ ಏನೂ ಸಿಗುತ್ತಿಲ್ಲ ಅನ್ನುವುದು ನನ್ನ ತೊಂದರೆಯಲ್ಲ. ಸಿಕ್ಕಾಪಟ್ಟೆ ಸಿಗುತ್ತಿದೆ, ಅದೇ ತೊಂದರೆ. ಫೋನ್ ತುಂಬಾ ಬುಕ್‌ಮಾರ್ಕ್. ಕೇಳದೇ ಉಳಿದ ಪಾಡ್‌ಕಾಸ್ಟ್ ಎಪಿಸೋಡುಗಳ ಸಾಲು. ಯಾರೋ ಕಳಿಸಿದ ಪಿಡಿಎಫ್‌ಗಳು. ಡ್ಯೂಟಿ ಮುಗಿಸಿ ಬಂದರೆ ಕಣ್ಣು ಎಳೆಯುತ್ತಿರುತ್ತದೆ, ದಪ್ಪ ಪುಸ್ತಕ ತೆರೆಯುವ ತ್ರಾಣ ಇರುವುದಿಲ್ಲ.

ವೆಂಟಿಲೇಟರ್ ನನಗೆ ಕಷ್ಟ. ಅಲಾರಂ ಹೊಡೆದರೆ ಮೊದಲು ಸೀನಿಯರ್ ಮುಖ ನೋಡುತ್ತೇನೆ. ಈಸಿಜಿ ಪರವಾಗಿಲ್ಲ, ಆದರೆ ಪುಸ್ತಕದಲ್ಲಿ ಇದ್ದಂತೆ ಇಲ್ಲದಿದ್ದರೆ ಗೊಂದಲ. ಇನ್ನೊಂದು ವಿಷಯ. ಬ್ಲಾಗ್‌ನಲ್ಲಿ ಓದಿದ್ದನ್ನು ರೌಂಡ್ಸ್‌ನಲ್ಲಿ ಹೇಳಿದರೆ "ಎಲ್ಲಿದೆ ಅದು?" ಅಂತ ಕೇಳುತ್ತಾರೆ. ನಂಬಬಹುದಾದದ್ದು ಯಾವುದು ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ? ದುಡ್ಡು ಕೊಡದೇ ಸಿಗುವುದಾದರೆ ಒಳ್ಳೆಯದು.

ಹಳೇ ಟ್ಯೂಬು:

ರಾತ್ರಿಪಾಳಿಯವರೇ, ಮೊದಲು ಆ ಬುಕ್‌ಮಾರ್ಕ್ ಎಲ್ಲ ಅಳಿಸಿಬಿಡಿ. ತಮಾಷೆಗೆ ಹೇಳುತ್ತಿಲ್ಲ. ಬೇಕಾದಾಗ ಹುಡುಕಿದರೆ ಮತ್ತೆ ಸಿಗುತ್ತದೆ.

ನಾನು ಐಸಿಯುನಲ್ಲೇ ಕೂದಲು ನೆರೆಸಿಕೊಂಡವನು. ಜೂನಿಯರ್‌ಗಳಿಗೆ ಹೇಳಿಕೊಡುವುದೂ ಕೆಲಸದ ಭಾಗವೇ. ನಾನು ನೋಡಿದ ಹಾಗೆ, ಸೈಟಿನಿಂದ ಶುರು ಮಾಡಿದವರು ಬಹಳ ದಿನ ಓದುವುದಿಲ್ಲ. ರೋಗಿಯಿಂದ ಶುರು ಮಾಡಿದವರು ಓದುತ್ತಾರೆ. ಇವತ್ತಿನ ಪಾಳಿಯಲ್ಲಿ ನೋಡಿದ ಒಬ್ಬರನ್ನು ತೆಗೆದುಕೊಳ್ಳಿ. ಅವರ ವಿಷಯದಲ್ಲಿ ನಿಮಗೆ ಗೊತ್ತಾಗದೇ ಉಳಿದ ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಗೀಚಿಕೊಳ್ಳಿ. "ಸೆಪ್ಸಿಸ್ ಓದಬೇಕು" (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ಅಂತ ಬರೆದರೆ ಆ ಚೀಟಿ ಜೇಬಿನಲ್ಲೇ ಇದ್ದು ಬಟ್ಟೆ ಜೊತೆ ಒಗೆದುಹೋಗುತ್ತದೆ. "ನಾರ್‌ಅಡ್ರಿನಲಿನ್ ಏರಿಸುತ್ತಾ ಹೋದಾಗ ವಾಸೊಪ್ರೆಸಿನ್ ಸೇರಿಸೋದು ಯಾವಾಗ?" (ಎರಡೂ ಬಿಪಿ ಏರಿಸುವ ಔಷಧಿಗಳು) ಅಂತ ಬರೆದರೆ ಮಲಗುವ ಮೊದಲೇ ಉತ್ತರ ಸಿಗುತ್ತದೆ. 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ತೆರೆದರೆ ಅಲ್ಲೇ ಇದೆ: ನಾರ್‌ಅಡ್ರಿನಲಿನ್ ನಿಮಿಷಕ್ಕೆ ಕೆಜಿಗೆ 0.25ರಿಂದ 0.5 ಮೈಕ್ರೋಗ್ರಾಂ ತಲುಪಿದ ಹೊತ್ತಿಗೆ. ಹೀಗೆ ಸಿಕ್ಕ ಉತ್ತರ ಮರೆಯುವುದಿಲ್ಲ, ಯಾಕಂದ್ರೆ ಅದರ ಜೊತೆಗೆ ಒಬ್ಬ ರೋಗಿಯ ಮುಖ ಇರುತ್ತದೆ.

ಇನ್ನು ಯಾವುದು ಯಾತಕ್ಕೆ. ಹಾಸಿಗೆ ಪಕ್ಕ ನಿಂತು ತೆರೆಯೋಕೆ ನಾನು ಹೇಳುವುದು ಇಂಟರ್ನೆಟ್ ಬುಕ್ ಆಫ್ ಕ್ರಿಟಿಕಲ್ ಕೇರ್. ಬರೆದವರು ಜಾಶ್ ಫಾರ್ಕಸ್, ಎಮ್‌ಕ್ರಿಟ್ ಸೈಟಿನಲ್ಲೇ ಸಿಗುತ್ತದೆ, ಉಚಿತ. ಮಾಡಬೇಕಾದದ್ದು ಮೊದಲಿಗೇ ಚುಟುಕಾಗಿ ಇರುತ್ತದೆ, ವಿವರ ಆಮೇಲೆ. ಒಂದು ಮಾತು ಮಾತ್ರ ನೆನಪಿರಲಿ. ಅವರು ತಮ್ಮ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳುವವರು. ಅಭಿಪ್ರಾಯ ಎಲ್ಲಿ ಶುರುವಾಗುತ್ತದೆ ಅಂತ ಗಮನಿಸುತ್ತಾ ಓದಿ.

ಈಸಿಜಿಗೆ ಲೈಫ್ ಇನ್ ದ ಫಾಸ್ಟ್ ಲೇನ್. 2007ರಿಂದ ಇದೆ, ಆಸ್ಟ್ರೇಲಿಯಾದವರು ಕಟ್ಟಿದ್ದು. ಅದರ ಈಸಿಜಿ ಲೈಬ್ರರಿ ನೋಡಿದ ಮೇಲೆ ಎಷ್ಟೋ ಜನ ಈಸಿಜಿ ಪುಸ್ತಕವನ್ನೇ ಮುಟ್ಟಿಲ್ಲ. ಅದೇ ಸೈಟಿನಲ್ಲಿ ಕ್ರಿಟಿಕಲ್ ಕೇರ್ ಕಂಪೆಂಡಿಯಂ ಅಂತ ಇದೆ, ರೌಂಡ್ಸ್‌ಗೆ ಮುಂಚೆ ಒಮ್ಮೆ ಕಣ್ಣಾಡಿಸೋಕೆ ಸರಿ.

ನನಗೆ ತುಂಬಾ ಇಷ್ಟವಾದದ್ದು ಡಿರೇಂಜ್ಡ್ ಫಿಸಿಯಾಲಜಿ. ಅಲೆಕ್ಸ್ ಯಾರ್ಟ್‌ಸೆವ್ ಅಂತ ಆಸ್ಟ್ರೇಲಿಯಾದ ಇಂಟೆನ್ಸಿವಿಸ್ಟ್ (ಐಸಿಯು ತಜ್ಞ) ಒಬ್ಬರು ಅಲ್ಲಿನ ಐಸಿಯು ಪರೀಕ್ಷೆ ಬರೆಯುವವರಿಗಾಗಿ ಬರೆದದ್ದು. ಉದ್ದ ಇದೆ, ಅಲ್ಲಲ್ಲಿ ಕುಚೇಷ್ಟೆಯೂ ಇದೆ. ಆದರೆ "ಯಾಕೆ" ಅನ್ನುವ ಪ್ರಶ್ನೆಗೆ ಅಷ್ಟು ಬಿಡಿಸಿ ಉತ್ತರ ಹೇಳುವ ಇನ್ನೊಂದು ಜಾಗ ನಾನು ನೋಡಿಲ್ಲ. ಪಾಳಿಯ ನಡುವೆ ಅಲ್ಲಿಗೆ ಹೋಗಬೇಡಿ, ಹೊರಗೆ ಬರೋಕಾಗುವುದಿಲ್ಲ. ರಜಾ ದಿನಕ್ಕೆ ಇಟ್ಟುಕೊಳ್ಳಿ.

ಈಗ ವೆಂಟಿಲೇಟರ್. ಇದನ್ನು ಓದಿ ಕಲಿಯಲು ಹೋದರೆ ಮೋಡ್‌ಗಳ (ಮೆಷಿನ್ ಉಸಿರು ಕೊಡುವ ಬಗೆಗಳ) ಹೆಸರಿನಲ್ಲೇ ಕಳೆದುಹೋಗುತ್ತೀರಿ. ಒಂದು ಅಲಾರಂ ಹಿಡಿದುಕೊಂಡು ಶುರು ಮಾಡಿ. ವಾಲ್ಯೂಮ್ ಕಂಟ್ರೋಲ್‌ನಲ್ಲಿ (ಪ್ರತಿ ಉಸಿರಿಗೂ ಇಂತಿಷ್ಟೇ ಗಾಳಿ ಕೊಡುವ ಮೋಡ್) ಹೈ ಪ್ರೆಷರ್ ಹೊಡೆಯಿತು, ಪೀಕ್, ಅಂದರೆ ಗಾಳಿ ತಳ್ಳುವಾಗಿನ ಗರಿಷ್ಠ ಒತ್ತಡ, 45 ತೋರಿಸುತ್ತಿದೆ ಅಂದುಕೊಳ್ಳಿ. ರೋಗಿಯ ಆಕ್ಸಿಜನ್, ಬಿಪಿ ಕುಸಿಯುತ್ತಿದ್ದರೆ ಲೆಕ್ಕಾಚಾರ ಬೇಡ, ಮೆಷಿನ್‌ನಿಂದ ಬಿಡಿಸಿ ಕೈಯಲ್ಲಿ ಬ್ಯಾಗ್ ಒತ್ತಿ. ಸ್ಥಿರವಾಗಿದ್ದರೆ, ಅವರೇ ಜೋರಾಗಿ ಉಸಿರೆಳೆಯುತ್ತಿಲ್ಲ ಅಂತ ನೋಡಿಕೊಂಡು, ಇನ್‌ಸ್ಪಿರೇಟರಿ ಹೋಲ್ಡ್ ಒತ್ತಿ. ಗಾಳಿ ಹರಿಯುವುದು ನಿಲ್ಲುತ್ತದೆ. ಆಗ ಕಾಣುವುದು ಪ್ಲಾಟೋ ಪ್ರೆಷರ್, ಅಂದರೆ ಶ್ವಾಸಕೋಶದೊಳಗಿನ ಒತ್ತಡ. ಅದು 20ಕ್ಕೆ ಇಳಿಯಿತಾ? ಹಾಗಾದರೆ ಶ್ವಾಸಕೋಶ ಬಿಗಿದಿಲ್ಲ, ತೊಡಕು ಗಾಳಿ ಹೋಗುವ ದಾರಿಯಲ್ಲಿದೆ. ರೋಗಿ ಟ್ಯೂಬ್ ಕಚ್ಚಿರಬಹುದು, ಮಡಚಿರಬಹುದು, ಕಫ ಕಟ್ಟಿರಬಹುದು, ಬ್ರಾಂಕೋಸ್ಪಾಸಂ (ಶ್ವಾಸನಾಳ ಬಿಗಿದುಕೊಳ್ಳುವುದು) ಇರಬಹುದು. ಪ್ಲಾಟೋ ಕೂಡ 38ರಲ್ಲೇ ನಿಂತಿದೆಯಾ? ಆಗ ಶ್ವಾಸಕೋಶದಲ್ಲೋ ಅದರ ಸುತ್ತಲೋ ಹುಡುಕಿ. ಎಆರ್‌ಡಿಎಸ್ (ಉರಿಯೂತದಿಂದ ಶ್ವಾಸಕೋಶ ನೀರು ತುಂಬಿ ಬಿಗಿಯುವುದು), ನ್ಯೂಮೊಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರುವುದು), ಬಲಗಡೆಯ ಬ್ರಾಂಕಸ್‌ಗೆ (ಶ್ವಾಸನಾಳದ ಕವಲಿಗೆ) ಇಳಿದ ಟ್ಯೂಬ್, ಉಬ್ಬಿದ ಹೊಟ್ಟೆ. ಒಂದು ಗುಂಡಿ ಒತ್ತಿದರೆ ಹುಡುಕುವ ಜಾಗ ಅರ್ಧವಾಗುತ್ತದೆ. ಇದು ಕೈಗೆ ಹತ್ತಿದ ಮೇಲೆ ಬೇಕಾದರೆ ಮೋಡ್‌ಗಳನ್ನು ಓದಿ.

ಹಾಗೇ ಟೈಡಲ್ ವಾಲ್ಯೂಮ್, ಅಂದರೆ ಒಂದು ಉಸಿರಿಗೆ ಕೊಡುವ ಗಾಳಿ. 2000ದ ಎಆರ್‌ಡಿಎಸ್‌ನೆಟ್ ಅಧ್ಯಯನ ನಿಮಗೆ ಗೊತ್ತಿರುತ್ತದೆ. ಕೆಜಿಗೆ 12 ಎಂಎಲ್ ಬದಲು 6 ಎಂಎಲ್ ಕೊಟ್ಟಾಗ ಸಾವು 39.8%ರಿಂದ 31%ಕ್ಕೆ ಇಳಿಯಿತು. ಈ ಅಂಕಿ ಎಲ್ಲರ ಬಾಯಲ್ಲೂ ಇದೆ. ಆದರೆ ಆ "ಕೆಜಿ" ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. 170 ಸೆಂಮೀ ಎತ್ತರದ ಗಂಡಸು 95 ಕೆಜಿ ಇದ್ದರೂ ಲೆಕ್ಕಕ್ಕೆ 66 ಕೆಜಿ. 400 ಎಂಎಲ್ ಹತ್ತಿರ ಕೊಡಬೇಕು. ತಕ್ಕಡಿ ನಂಬಿದರೆ 570 ಕೊಟ್ಟಿರುತ್ತೀರಿ. ಎಮ್‌ಡಿಕ್ಯಾಲ್ಕ್ ಅನ್ನುವ ಸೈಟಿನಲ್ಲಿ ಲೆಕ್ಕ ಸಿದ್ಧ ಇದೆ, ಆದರೆ ಅಳತೆ ಟೇಪು ಹಿಡಿದು ರೋಗಿಯ ಎತ್ತರ ಅಳೆಯುವವರು ನೀವೇ ಆಗಬೇಕು. ಕಣ್ಣಂದಾಜು ಬೇಡ.

ನಂಬಿಕೆಯ ಪ್ರಶ್ನೆ ಕೇಳಿದಿರಿ. ಇದೇ ಮುಖ್ಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಸೆಪ್ಸಿಸ್‌ಗೆ ವಿಟಮಿನ್ ಸಿ ಕಥೆ ನೆನಪಿದೆಯಾ? 2017ರಲ್ಲಿ ಒಂದು ಆಸ್ಪತ್ರೆಯ ವರದಿ ಬಂತು. ವಿಟಮಿನ್ ಸಿ, ಹೈಡ್ರೋಕಾರ್ಟಿಸೋನ್, ಥಯಮಿನ್ ಮೂರೂ ಕೊಟ್ಟ 47 ಜನರನ್ನು, ಅದಕ್ಕೂ ಮುಂಚೆ ಬಂದಿದ್ದ 47 ಜನರ ಜೊತೆ ಹೋಲಿಸಿದ್ದು. ಸಾವು 40.4%ರಿಂದ 8.5%ಕ್ಕೆ. ಆ ಅಂಕಿ ನೋಡಿ ಇಡೀ ಆನ್‌ಲೈನ್ ಲೋಕ ಎದ್ದು ನಿಂತಿತು. ಕೊಡದಿದ್ದರೆ ತಪ್ಪು ಅನ್ನುವ ಮಟ್ಟಕ್ಕೆ ಹೋದವರೂ ಇದ್ದರು. 2020ರಲ್ಲಿ ವಿಟಮಿನ್ಸ್ ಅಧ್ಯಯನ ಬಂತು, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ್ದು. ಲಾಭ ಕಾಣಲಿಲ್ಲ. 2022ರಲ್ಲಿ ಲವಿಟ್ ಬಂತು, 872 ಜನ. ಅದರಲ್ಲಿ ವಿಟಮಿನ್ ಸಿ ಒಂದನ್ನೇ ನೋಡಿದ್ದು. 28 ದಿನದ ಹೊತ್ತಿಗೆ ಸಾವು ಅಥವಾ ಅಂಗಾಂಗ ವೈಫಲ್ಯ ವಿಟಮಿನ್ ಸಿ ಕೊಟ್ಟವರಲ್ಲೇ ಜಾಸ್ತಿ: 44.5%, ಕೊಡದವರಲ್ಲಿ 38.5%.

ಬ್ಲಾಗ್ ಕೆಟ್ಟದ್ದು ಅಂತ ಹೇಳೋಕೆ ಈ ಕಥೆ ತೆಗೆಯಲಿಲ್ಲ. ಆ ಮೊದಲ ವರದಿಯ ದೌರ್ಬಲ್ಯಗಳನ್ನು ಬಿಡಿಸಿ ಹೇಳಿದವರೂ ಬ್ಲಾಗ್ ಬರೆಯುವವರೇ. ಹಾಗಾಗಿ ನಾನು ಏನಾದರೂ ಹೊಸದು ಓದಿದರೆ ದ ಬಾಟಮ್ ಲೈನ್ ಅನ್ನುವ ಸೈಟಿಗೆ ಹೋಗುತ್ತೇನೆ. ಐಸಿಯು ಅಧ್ಯಯನಗಳನ್ನು ಒಂದೇ ಚೌಕಟ್ಟಿನಲ್ಲಿ ಬಿಡಿಸಿಟ್ಟಿರುತ್ತಾರೆ. ಫಲಿತಾಂಶ ಓದುವ ಮೊದಲೇ ದೌರ್ಬಲ್ಯಗಳ ಭಾಗಕ್ಕೆ ಇಳಿಯುತ್ತೇನೆ. ಒಂದೇ ಆಸ್ಪತ್ರೆಯದ್ದಾ, ಮೊದಲು-ಆಮೇಲೆ ಹೋಲಿಕೆಯಾ, ಅವರ ರೋಗಿಗಳು ನಮ್ಮವರಂತಿದ್ದಾರಾ. ಪೋಸ್ಟಿನ ದಿನಾಂಕ ನೋಡುವುದನ್ನಂತೂ ಬಿಡಬೇಡಿ. ಗೂಗಲ್ ಮೇಲಕ್ಕೆ ತಂದು ಹಾಕುವ ಪೋಸ್ಟ್ ಎಷ್ಟೋ ಸಲ ಹಳೆಯದಾಗಿರುತ್ತದೆ. ರೌಂಡ್ಸ್‌ನಲ್ಲಿ "ಎಲ್ಲಿದೆ ಅದು?" ಅಂದರೆ ಬ್ಲಾಗ್ ಹೆಸರು ಹೇಳಬೇಡಿ, ಬ್ಲಾಗ್ ಯಾವ ಅಧ್ಯಯನದ ಮೇಲೆ ನಿಂತಿದೆಯೋ ಅದನ್ನು ಹೇಳಿ. ಅದನ್ನು ಹೇಳೋಕೆ ಬರದಿದ್ದರೆ ಇನ್ನೂ ಓದಿ ಮುಗಿದಿಲ್ಲ.

ಪಾಡ್‌ಕಾಸ್ಟ್ ಬಗ್ಗೆ ನನ್ನದು ಸ್ವಲ್ಪ ಒರಟು ಅಭಿಪ್ರಾಯ. ಎಮ್‌ಕ್ರಿಟ್, ಇಎಂ ಕೇಸಸ್ ಎರಡೂ ಚೆನ್ನಾಗಿವೆ. ಆದರೆ ಕೇಳಿದ ಕೂಡಲೇ ಕಲಿತೆವು ಅನಿಸುತ್ತದಲ್ಲ, ಅದು ಸುಮ್ನೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನುವ ಇಬ್ಬರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದ್ದರು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಮುಂದಿದ್ದವರು, ಓದಿದ್ದನ್ನು ಮುಚ್ಚಿಟ್ಟು ನೆನಪಿಸಿಕೊಂಡು ಬರೆದವರು. ಅದಕ್ಕೇ ಎಪಿಸೋಡ್ ಮುಗಿದ ಮೇಲೆ ಮೂರು ಸಾಲು ನೀವೇ ಬರೆಯಿರಿ, ನೋಡದೆ. ಬರೆಯೋಕೆ ಆಗಲಿಲ್ಲ ಅಂದರೆ ಅದು ಬರೀ ಮನರಂಜನೆ. ಮನರಂಜನೆಯೂ ಬೇಕು ಬಿಡಿ.

ಐಸಿಯು ಸಿಸ್ಟರ್:

ಟ್ಯೂಬು ಸರ್ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ವೆಂಟಿಲೇಟರ್ ಕಲಿಯೋಕೆ ಓಪನ್‌ಪೀಡಿಯಾಟ್ರಿಕ್ಸ್ ಅಂತ ಇದೆ, ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯವರದ್ದು, ಉಚಿತ. ಅದರಲ್ಲಿ ಕಂಪ್ಯೂಟರ್ ಮೇಲೇ ವೆಂಟಿಲೇಟರ್ ಸಿಮ್ಯುಲೇಟರ್ ಇದೆ. ಗುಂಡಿ ತಿರುಗಿಸಿ ಏನಾಗುತ್ತದೆ ಅಂತ ನೋಡಬಹುದು. ರೋಗಿಯ ಮೇಲೆ ತಿರುಗಿಸಿ ನೋಡುವುದಕ್ಕಿಂತ ವಾಸಿ ಅಲ್ವಾ. ಮಕ್ಕಳ ವಿಷಯಕ್ಕೆ ಡೋಂಟ್ ಫರ್ಗೆಟ್ ದ ಬಬಲ್ಸ್ ಕೂಡ ನೋಡಿ.

ಇಂಟ್ಯುಬೇಟ್ ಆದ (ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ) ರೋಗಿ ದಿಢೀರ್ ಕೆಟ್ಟರೆ ನಾವು ನೋಡುವ ಕ್ರಮ: ಟ್ಯೂಬ್ ಜರುಗಿದೆಯಾ, ಕಟ್ಟಿಕೊಂಡಿದೆಯಾ, ನ್ಯೂಮೊಥೊರಾಕ್ಸಾ, ಮೆಷಿನ್ ಅಥವಾ ಸರ್ಕ್ಯೂಟ್ ಕೆಟ್ಟಿದೆಯಾ, ಗಾಳಿ ಒಳಗೇ ಸಿಕ್ಕಿಕೊಂಡು ಪೇರುತ್ತಿದೆಯಾ. ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ ಡೋಪ್ಸ್ ಅಂತ ಹುಡುಕಿದರೆ ಎಲ್ಲ ಸೈಟಲ್ಲೂ ಸಿಗುತ್ತದೆ. ಕೊನೆಯದನ್ನೇ ಎಲ್ಲರೂ ಮರೆಯುವುದು. ಆಸ್ತಮಾ, ಸಿಒಪಿಡಿ ರೋಗಿಯಲ್ಲಿ ಫ್ಲೋ ಗೆರೆ ನೋಡಿ. ಉಸಿರು ಬಿಡುವ ಗೆರೆ ಸೊನ್ನೆಗೆ ಬರುವ ಮುಂಚೆಯೇ ಮುಂದಿನ ಉಸಿರು ಶುರುವಾದರೆ ಗಾಳಿ ಪೂರ್ತಿ ಹೊರಗೆ ಬರುತ್ತಿಲ್ಲ ಅಂತ. ಉಸಿರಿನ ರೇಟ್ ಇಳಿಸಬೇಕು, ಹೊಸ ಡಾಕ್ಟರ್‌ಗಳು ಗಾಬರಿಯಲ್ಲಿ ಏರಿಸುತ್ತಾರೆ.

ಮತ್ತೆ, ರಾತ್ರಿಪಾಳಿ ಡಾಕ್ಟ್ರೇ, ಸೀನಿಯರ್ ಮುಖ ನೋಡುತ್ತೇನೆ ಅಂದಿರಿ. ಪಕ್ಕದಲ್ಲಿರುವ ನರ್ಸ್ ಮುಖವನ್ನೂ ನೋಡಿ. ಅಲಾರಂ ಹೊಡೆಯುವ ಮುಂಚೆ ಏನಾಯಿತು ಅಂತ ಅವರಿಗೆ ಗೊತ್ತಿರುತ್ತದೆ.

ಗೈಡ್‌ಲೈನ್ ಭಕ್ತ:

ನನಗೆ ಟ್ಯೂಬು ಸರ್ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಶುರುವಿಗೇ ಯಾಕೆ ಬ್ಲಾಗ್? ಮೊದಲು ಮಾರ್ಗಸೂಚಿ ಓದಲಿ. ರಿಸಸಿಟೇಷನ್ (ನಿಂತ ಹೃದಯ, ಉಸಿರನ್ನು ಮರಳಿಸುವ) ಮಾರ್ಗಸೂಚಿಗಳು 2025ರಲ್ಲಿ ಹೊಸದಾಗಿ ಬಂದಿವೆ, ಅಮೆರಿಕದವರದ್ದೂ ಯುರೋಪಿನವರದ್ದೂ ಆನ್‌ಲೈನ್‌ನಲ್ಲಿ ಉಚಿತ. ವಿಶ್ವ ಆರೋಗ್ಯ ಸಂಸ್ಥೆಯ ಬೇಸಿಕ್ ಎಮರ್ಜೆನ್ಸಿ ಕೇರ್ ಪುಸ್ತಕವೂ ಉಚಿತ. ಉಸಿರಾಟದ ತೊಂದರೆ, ಶಾಕ್, ಪ್ರಜ್ಞೆಯ ಏರುಪೇರು, ಗಾಯ, ಇಷ್ಟನ್ನೇ ಹಿಡಿದು ಹೇಳುತ್ತದೆ. ದೊಡ್ಡ ಉಪಕರಣ ಇಲ್ಲದ ಕಡೆ ಕೆಲಸ ಮಾಡುವವರಿಗೆ ಅದು ಯಾವ ಪಾಡ್‌ಕಾಸ್ಟ್‌ಗಿಂತಲೂ ಮೇಲು. ಅರಿವಳಿಕೆ, ಏರ್‌ವೇ ವಿಷಯಕ್ಕೆ ಡಬ್ಲ್ಯುಎಫ್‌ಎಸ್‌ಎ (ಅರಿವಳಿಕೆ ತಜ್ಞರ ಸಂಘಗಳ ಜಾಗತಿಕ ಒಕ್ಕೂಟ) ಅವರ ಟ್ಯುಟೋರಿಯಲ್ ಆಫ್ ದ ವೀಕ್ ಇದೆ.

ಆನ್‌ಲೈನ್‌ನಲ್ಲಿ ಬರೆಯುವವರಿಗೆ ಸಾಹಸದ ಮೇಲೆ ಪ್ರೀತಿ ಜಾಸ್ತಿ. ಎಕ್ಮೊ (ರಕ್ತವನ್ನು ಹೊರಗೆ ತಂದು ಆಕ್ಸಿಜನ್ ತುಂಬುವ ಮೆಷಿನ್), ಎದೆ ಸೀಳುವುದು, ಅಂಥದ್ದೇ. ಹೊಸಬರಿಗೆ ಬೇಕಾದದ್ದು ಬ್ಯಾಗ್-ಮಾಸ್ಕ್ ಸರಿಯಾಗಿ ಹಿಡಿಯುವುದು. ಬೂಜಿ (ಉಸಿರಿನ ಟ್ಯೂಬ್‌ಗೆ ದಾರಿ ತೋರಿಸುವ ತೆಳು ಕಡ್ಡಿ) ವಿಷಯವನ್ನೇ ನೋಡಿ. 2018ರ ಒಂದು ಆಸ್ಪತ್ರೆಯ ಅಧ್ಯಯನ ನೋಡಿ ಎಲ್ಲರೂ ಬೂಜಿ ಬೂಜಿ ಅಂದರು. ಮೊದಲ ಯತ್ನದಲ್ಲೇ 98% ಯಶಸ್ಸು ಅಂತ. 2021ರಲ್ಲಿ ಹಲವು ಆಸ್ಪತ್ರೆ ಸೇರಿಸಿ ನೋಡಿದಾಗ ಬೂಜಿಗೆ 80.4%, ಸ್ಟೈಲೆಟ್‌ಗೆ (ಟ್ಯೂಬ್ ಒಳಗೆ ಇಡುವ ತಂತಿ) 83%. ವ್ಯತ್ಯಾಸ ಅಂತ ಹೇಳೋ ಹಾಗೇ ಇಲ್ಲ.

ಹಳೇ ಟ್ಯೂಬು:

ಭಕ್ತರೇ, ಬ್ಯಾಗ್-ಮಾಸ್ಕ್ ಮಾತಿಗೆ ನನ್ನದೂ ಸಹಿ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕವನ್ನು ನಾನೇ ಹೇಳಬೇಕಿತ್ತು.

ಬೂಜಿಯ ವಿಷಯದಲ್ಲಿ ಮಾತ್ರ ನಾನು ಬೇರೆ ಥರ ಓದುತ್ತೇನೆ. ಆ ಮೊದಲ ಆಸ್ಪತ್ರೆಯಲ್ಲಿ ಅವರು ದಿನಾ ಬೂಜಿ ಬಳಸಿ ಪಳಗಿದ್ದರು. ಅವರ ಕೈಯಲ್ಲಿ 98% ಬಂದದ್ದು ಸುಳ್ಳಲ್ಲ. ಅಪರೂಪಕ್ಕೆ ಮುಟ್ಟುವವರ ಕೈಯಲ್ಲಿ ಅದೇ ಬರುತ್ತದೆ ಅಂದುಕೊಂಡದ್ದು ಓದಿದವರ ತಪ್ಪು. ನೀವು ಯಾವುದರಲ್ಲಿ ಪಳಗಿದ್ದೀರೋ ಅದನ್ನೇ ಮೊದಲು ಹಿಡಿಯಿರಿ, ಇನ್ನೊಂದನ್ನು ಬೊಂಬೆ ಮೇಲೆ ಕಲಿಯಿರಿ.

ಮಾರ್ಗಸೂಚಿ ಮೊದಲು ಓದಬೇಕು ಅನ್ನುವುದು ಸರಿ. ಆದರೆ ಬೆಳಗಿನ ಜಾವ ಮೂರಕ್ಕೆ ಮಾರ್ಗಸೂಚಿ ತೆರೆದು ನೋಡಿ. ನೂರಾರು ಪುಟದಲ್ಲಿ ನಿಮ್ಮ ಪ್ರಶ್ನೆ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬಿಪಿ ಕೈಕೊಟ್ಟಿರುತ್ತದೆ.

ಹೊಸಗಾಲ:

ಇಷ್ಟೆಲ್ಲ ಯಾಕೆ ಸರ್, ಎಐ ಚಾಟ್‌ಗೆ ಕೇಳಿದರೆ ಒಂದೇ ಸಲಕ್ಕೆ ಹೇಳುತ್ತದಲ್ಲ?

ಹಳೇ ಟ್ಯೂಬು:

ಕೇಳಿ, ಬೇಡ ಅನ್ನಲ್ಲ. ನಾನೂ ಕೇಳುತ್ತೇನೆ. ಆದರೆ ಡೋಸ್ ಅದರಿಂದ ತೆಗೆದು ಸಿರಿಂಜ್ ತುಂಬಬೇಡಿ. ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತದೆ, ಇಲ್ಲದ ಅಧ್ಯಯನದ ಹೆಸರನ್ನೂ ಹೇಳುತ್ತದೆ. ಅದು ಹೇಳಿದ ಮೂಲವನ್ನು ನೀವೇ ತೆರೆದು ನೋಡಬೇಕು. ಡೋಸ್‌ಗೆ ನಿಮ್ಮ ಆಸ್ಪತ್ರೆಯ ಪಟ್ಟಿ ಅಥವಾ ಫಾರ್ಮುಲರಿ (ಔಷಧಿ ಕೈಪಿಡಿ), ಅಷ್ಟೇ.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ಬುಕ್‌ಮಾರ್ಕ್ ಅಳಿಸಿದೆ. ನಿಜವಾಗಿ!

ಚೀಟಿ ಉಪಾಯದಲ್ಲೇ ಒಂದು ಪ್ರಶ್ನೆ ಕೇಳಲಾ? ಒಂದು ಈಸಿಜಿ ಇದೆ, ಫೋಟೋ ಇಲ್ಲಿ ಹಾಕಬಹುದಾ? ಕೇಸ್ ಮುಗಿದಿದೆ, ಆಂಜಿಯೋ ಆಗಿ ಸ್ಟೆಂಟ್ ಹಾಕಿಯಾಗಿದೆ. ಎದೆನೋವು ಅಂತ ಬಂದವರು. ಎದೆಯ ಮುಂದಿನ ಲೀಡ್‌ಗಳಾದ ವಿ1ರಿಂದ ವಿ3ವರೆಗೆ ಎಸ್‌ಟಿ (ಈಸಿಜಿ ಗೆರೆಯ ಒಂದು ಭಾಗ) ಕೆಳಗಿತ್ತು, ಎಲ್ಲೂ ಮೇಲಿರಲಿಲ್ಲ. ನಾನು ಬರೀ ಇಸ್ಕೀಮಿಯಾ (ಹೃದಯಕ್ಕೆ ರಕ್ತ ಸಾಲದಿರುವುದು) ಅಂದುಕೊಂಡೆ, ಸೀನಿಯರ್ ನೋಡಿದವರೇ ಕಾರ್ಡಿಯಾಲಜಿಗೆ ಫೋನ್ ಮಾಡಿದರು. ಅವರಿಗೆ ಏನು ಕಂಡಿತು?

ಹಳೇ ಟ್ಯೂಬು:

ಫೋಟೋ ಬೇಡ. ಪಟ್ಟಿಯ ಮೂಲೆಯಲ್ಲಿ ಹೆಸರು, ನಂಬರ್, ಸಮಯ ಎಲ್ಲ ಅಚ್ಚಾಗಿರುತ್ತದೆ. ಅಳಿಸಿದರೂ ನಿಮ್ಮ ಆಸ್ಪತ್ರೆಯ ಅನುಮತಿ ಬೇಕು. ಮಾತಿನಲ್ಲಿ ಹೇಳಿದ್ದೇ ಸಾಕು.

ನಿಮ್ಮ ಸೀನಿಯರ್‌ಗೆ ಕಂಡದ್ದು ಬಹುಶಃ ಪೋಸ್ಟೀರಿಯರ್ ಎಂಐ, ಅಂದರೆ ಹಿಂಗೋಡೆಯ ಹೃದಯಾಘಾತ. ಹೃದಯದ ಹಿಂಗೋಡೆಯ ಮೇಲೆ ಮಾಮೂಲಿ 12 ಲೀಡ್‌ನಲ್ಲಿ ಯಾವ ಲೀಡೂ ಇಲ್ಲ. ಹಿಂದುಗಡೆ ಎಸ್‌ಟಿ ಏರಿದರೆ ಮುಂದುಗಡೆಯ ವಿ1-ವಿ3ರಲ್ಲಿ ಅದು ತಲೆಕೆಳಗಾಗಿ ಇಳಿದಂತೆ ಕಾಣುತ್ತದೆ. ಜೊತೆಗೆ ಅಲ್ಲಿ ಆರ್ ಅಲೆ ಎತ್ತರ, ಟಿ ಅಲೆ ನೆಟ್ಟಗೆ ಇದ್ದರೆ ಅನುಮಾನ ಇನ್ನೂ ಗಟ್ಟಿ. ಆ ಪಟ್ಟಿ ತೆಗೆದು ಇವೆರಡೂ ಇದ್ದವಾ ಅಂತ ನೋಡಿ.

ಖಚಿತ ಮಾಡಿಕೊಳ್ಳಲು ವಿ4, ವಿ5, ವಿ6ರ ವೈರ್‌ಗಳನ್ನು ಬಿಚ್ಚಿ ಬೆನ್ನಿಗೆ ಹಾಕಿ, ಎಲ್ಲ ವಿ6ರ ಮಟ್ಟದಲ್ಲೇ. ವಿ7 ಕಂಕುಳ ಹಿಂಗೆರೆಯಲ್ಲಿ, ವಿ8 ಹೆಗಲ ಮೂಳೆಯ ತುದಿಯ ಕೆಳಗೆ, ವಿ9 ಬೆನ್ನುಮೂಳೆಯ ಎಡಪಕ್ಕ. ಅಲ್ಲಿ ಅರ್ಧ ಮಿಲಿಮೀಟರ್ ಏರಿದರೂ ಸಾಕು. ಮೆಷಿನ್‌ಗೆ ನೀವು ವೈರ್ ಬದಲಿಸಿದ್ದು ಗೊತ್ತಿಲ್ಲ, ಹಳೇ ಹೆಸರನ್ನೇ ಅಚ್ಚು ಹಾಕುತ್ತದೆ. ಕಾಗದದ ಮೇಲೆ ಕೈಯಲ್ಲಿ ವಿ7, ವಿ8, ವಿ9 ಅಂತ ತಿದ್ದಿ ಬರೆಯಿರಿ, ಇಲ್ಲದಿದ್ದರೆ ಮುಂದಿನವರು ದಾರಿ ತಪ್ಪುತ್ತಾರೆ. ಇಂಥವೇ ಬೇಕಿದ್ದರೆ ಡಾ. ಸ್ಮಿತ್ಸ್ ಈಸಿಜಿ ಬ್ಲಾಗ್ ನೋಡಿ. ನಿಯಮದ ಪ್ರಕಾರ ಎಸ್‌ಟಿ ಏರಿಲ್ಲ, ಆದರೂ ರಕ್ತನಾಳ ಮುಚ್ಚಿದೆ ಅನ್ನುವ ಕೇಸುಗಳೇ ಅಲ್ಲಿ ಜಾಸ್ತಿ. ಮೊದಲು ಈಸಿಜಿ ನೋಡಿ ನಿಮ್ಮ ಉತ್ತರ ಬರೆದಿಟ್ಟು, ಆಮೇಲೆ ಕೆಳಗೆ ಓದಿ.

ಐಸಿಯು ಸಿಸ್ಟರ್:

ಬೆನ್ನಿಗೆ ಲೀಡ್ ಹಾಕುವ ಮುಂಚೆ ಬೆವರು ಒರೆಸಿ ಡಾಕ್ಟ್ರೇ, ಇಲ್ಲಾಂದ್ರೆ ಅಂಟೋದೇ ಇಲ್ಲ. ಮತ್ತೆ ರೋಗಿಯನ್ನು ಪೂರ್ತಿ ಮಗ್ಗುಲಿಗೆ ಹೊರಳಿಸುವುದು ಬೇಡ, ಎಡ ಭುಜ ಸ್ವಲ್ಪ ಎತ್ತಿ ಹಿಡಿದರೆ ಸಾಕು. ಒಬ್ಬರು ಹಿಡಿದುಕೊಳ್ಳೋಕೆ ಇರಬೇಕು, ನಮ್ಮನ್ನು ಕರೆಯಿರಿ.